ಕಣಕವಿಲ್ಲದ ಹೂರಣ

ಮಲ್ಲೇಶ್ವರದ ನಮ್ಮ ಮನೆಯ ಮಹಡಿಗೆ ಬಾಡಿಗೆಗೆ ಬಂದ ಜಪಾನಿ ಹೆಂಗಸು ಮೊದಲ ದಿನವೇ ಒಂದು ಡಬ್ಬಿ ತಂದುಕೊಟ್ಟರು. ಒಳಗೆ ಯೋಕಾನ್: ಕೆಂಪು ಕಾಳು ಬೇಯಿಸಿ ಅರೆದು, ಸಕ್ಕರೆ ಹಾಕಿ ಗಟ್ಟಿಯಾಗಿಸಿದ ನುಣುಪು ಸಿಹಿ. ಅಮ್ಮ ಒಂದು ಚೂರು ಬಾಯಿಗಿಟ್ಟು, "ಹೂರಣ ಚೆನ್ನಾಗಿದೆ. ಪಾಪ, ಕಣಕ ಮಾಡೋಕೆ ಬರಲ್ಲ ಅನ್ಸತ್ತೆ," ಎಂದಳು.

"ಅದನ್ನ ಹಾಗೇ ತಿನ್ನೋದಮ್ಮಾ!" ಎಂದು ನಾನು ರೇಗಿದರೂ ಕೇಳಲಿಲ್ಲ. ಅದಕ್ಕೆ ಹುರಿಗಡಲೆ ಪುಡಿ ಬೆರೆಸಿ ನಾದಿ, ಕಣಕದೊಳಗೆ ತುಂಬಿ ಹೋಳಿಗೆ ತಟ್ಟಿದಳು. ಖಾಲಿ ಡಬ್ಬಿ ಹಿಂದಿರುಗಿಸಬಾರದಲ್ಲ, ಅದರಲ್ಲೇ ತುಂಬಿ ನನ್ನನ್ನು ಮಹಡಿಗೆ ಅಟ್ಟಿದಳು. ನಾಚಿಕೆಯಿಂದ ನಾನು ಡಬ್ಬಿ ಕೊಟ್ಟವನೇ ಓಡಿಬಂದೆ.

ಈಗ ಆಕೆ ಜಪಾನಿಗೆ ಹೋಗಿಬಂದಾಗಲೆಲ್ಲ ಎರಡು ಡಬ್ಬಿ ತರುತ್ತಾರೆ. ಒಂದನ್ನು ನನ್ನ ಕೈಗಿಡುತ್ತಾರೆ. ಇನ್ನೊಂದನ್ನು ನೇರ ಅಡುಗೆಮನೆಗೆ ಒಯ್ದು, "ಅಮ್ಮಾ, ಕಣಕ ಕಲಸಿದ್ರಾ?" ಎನ್ನುತ್ತಾರೆ.