ಅದ್ದಾಕ ಹೇಳಿದ್ದು ಅವೋ, ಆವೋ

ನಾನು ಅದ್ದಾಕನನ್ನು ಮೊದಲ ಸಲ ನೋಡಿದಾಗ ಅವರು ನೆಲದ ಮೇಲೆ ಬೋರಲು ಮಲಗಿದ್ದರು. ಕುವೈತಿನ ಬೇಟೆ ಸಾಮಾನಿನ ಅಂಗಡಿ, ಕೆಂಪು ಕಾರ್ಪೆಟ್, ಅದರ ಮೇಲೆ ದೊಡ್ಡ ಹೊಟ್ಟೆಯ ಗಂಡಸು. ಕೈಯಲ್ಲಿ ರೈಫಲ್. ಒಂದು ಕಣ್ಣು ಮುಚ್ಚಿತ್ತು, ಇನ್ನೊಂದು ಎದುರಿನ ಕಪಾಟಿನ ಮೇಲಿದ್ದ ಚಹಾದ ಲೋಟಕ್ಕೆ ಗುರಿಯಿಟ್ಟಿತ್ತು. ಪಕ್ಕದಲ್ಲಿ ನನ್ನ ಗಂಡ ಮಂಡಿಯೂರಿ ಕುಳಿತು ಆ ಮನುಷ್ಯನ ಮಾತಿಗೆ ಕಾಯುತ್ತಿದ್ದರು. ಮದುವೆಯಾದ ಮೇಲೆ ನನ್ನ ಯಾವ ಮಾತಿಗೂ ಇವರು ಹಾಗೆ ಕಾದದ್ದನ್ನು ನಾನು ಕಂಡಿರಲಿಲ್ಲ.

‘ಬನ್ನಿ ಅಕ್ಕ. ಕೂತ್ಕೊಳ್ಳಿ. ನಾನು ಏಳ್ಲಿಕ್ಕೆ ಸ್ವಲ್ಪ ಹೊತ್ತುಂಟು’ ಎಂದರು ಅದ್ದಾಕ, ಮುಚ್ಚಿದ ಕಣ್ಣು ತೆರೆಯದೆ.

ಚಹಾದ ಲೋಟವೋ ಗೋಡೆ ಗಡಿಯಾರವೋ, ಈಗ ಆಣೆ ಮಾಡಿ ಹೇಳಲಾರೆ. ಆಗ ನಾನು ತಪ್ಪದೆ ದಿನಚರಿ ಬರೆಯುತ್ತಿದ್ದೆ. ಆ ವರ್ಷದ ದಿನಚರಿ ಖೈತಾನಿನ ನಮ್ಮ ಬಾಡಿಗೆ ಮನೆಯಲ್ಲೇ ಉಳಿದುಹೋಯಿತು. ಹಾಗಾಗಿ ಇಲ್ಲಿ ಬರೆಯುವುದೆಲ್ಲ ನೆನಪಿನಿಂದ, ಅದೂ ಹೊಟ್ಟೆಕಿಚ್ಚಿನವಳ ನೆನಪಿನಿಂದ.

ಅವರ ಹೆಸರು ಅಬ್ದುಲ್ ರಹಿಮಾನ್. ಊರಿನಲ್ಲಿ ಅದ್ದು. ಹಿರಿಯರ ಹೆಸರಿಗೆ ಬ್ಯಾರಿಗಳು ಸೇರಿಸುವ ‘ಕಾಕ’ ಸೇರಿ ಅದ್ದಾಕ. ಬಂಟ್ವಾಳದ ಕಡೆಯವರು. ನನಗಿಂತ ಹತ್ತಾರು ವರ್ಷ ದೊಡ್ಡವರಾದರೂ ನನ್ನನ್ನು ‘ಅಕ್ಕ’ ಎನ್ನುತ್ತಿದ್ದರು. ಇವರೂ ಅವರೂ ಒಂದೇ ಅಂಗಡಿಯ ಸೇಲ್ಸ್‌ಮನ್‌ಗಳು. ಬಂದೂಕಿಗೆ ಹಾಕುವ ಬೈಪಾಡ್ ಮಾರುವುದರಲ್ಲಿ ಅದ್ದಾಕ ಹೆಸರುವಾಸಿ. ಬೈಪಾಡ್ ಎಂದರೆ ರೈಫಲಿನ ಮುಂಭಾಗಕ್ಕೆ ಸಿಕ್ಕಿಸುವ, ಮಡಚುವ ಎರಡು ಕಾಲು. ಬೇಟೆಗಾರ ನೆಲಕ್ಕೆ ಬೋರಲು ಮಲಗಿ, ಬಂದೂಕನ್ನು ಅದರ ಮೇಲೆ ನಿಲ್ಲಿಸಿ ಗುರಿ ಹಿಡಿಯುತ್ತಾನೆ. ಅಂಗಡಿಯಲ್ಲಿ ಎಲ್ಲರೂ ಅದನ್ನು ‘ಕಾಲು’ ಎಂದೇ ಕರೆಯುತ್ತಿದ್ದರು.

ಅದ್ದಾಕ ಜೀವನದಲ್ಲಿ ಒಂದು ಗುಬ್ಬಿಯನ್ನೂ ಹೊಡೆದವರಲ್ಲ. ಬಂದೂಕಿನ ಸದ್ದೆಂದರೆ ಅವರಿಗೆ ಎದೆ ಬಡಿತ. ಆದರೆ ಗಿರಾಕಿ ಬಂದ ಕೂಡಲೇ ಕಾರ್ಪೆಟ್ಟಿನ ಮೇಲೆ ಮಲಗಿಬಿಡುತ್ತಿದ್ದರು. ಕಾಲನ್ನು ಕಿವಿಯ ಹತ್ತಿರ ಹಿಡಿದು ಮಡಚಿ ಬಿಡಿಸುತ್ತಿದ್ದರು. ಟಕ್ ಎಂದರೆ ಮುಖ ಸಿಂಡರಿಸಿ, ‘ಇದು ಮಾತಾಡ್ತದೆ. ಜಿಂಕೆಗೆ ಫೋನ್ ಮಾಡಿ ಹೇಳಿದ ಹಾಗೆ’ ಎನ್ನುವರು. ಅರಬ್ಬಿ, ಹಿಂದಿ, ಕೈಸನ್ನೆ ಎಲ್ಲ ಕಲಸಿದ ಆ ಮಾತಿಗೆ ದೊಡ್ಡ ದೊಡ್ಡ ಶೇಖ್‌ಗಳೂ ನಕ್ಕು, ತಮ್ಮ ಬಿಳಿ ನಿಲುವಂಗಿ ದಿಶ್ದಾಶದಲ್ಲೇ ಅವರ ಪಕ್ಕ ಮಲಗಿ ನೋಡುತ್ತಿದ್ದರಂತೆ. ಇದೆಲ್ಲ ನನಗೆ ಗೊತ್ತಾದದ್ದು ಇವರು ಮನೆಗೆ ಬಂದು ಹೇಳಿದ್ದರಿಂದ. ಇವರು ಮನೆಗೆ ಬಂದು ಹೇಳುತ್ತಿದ್ದದ್ದೇ ಅದನ್ನು.

ನಾನು ಮೈಸೂರಿನವಳು, ಎಂ.ಎ. ಓದಿದವಳು. ಇವರ ಮನೆಮಾತು ತುಳು. ನನ್ನ ಜೊತೆ ಇವರು ಕನ್ನಡದಲ್ಲಿ ಮಾತಾಡುತ್ತಿದ್ದರು, ಒಳ್ಳೆಯ ಕನ್ನಡ, ಸ್ವಲ್ಪ ಇಸ್ತ್ರಿ ಮಾಡಿದಂಥದ್ದು. ಅದ್ದಾಕನ ಜೊತೆ ತುಳು. ಶುಕ್ರವಾರ ಮಧ್ಯಾಹ್ನ ಜುಮ್ಮಾ ನಮಾಜು ಮುಗಿಸಿ ಅದ್ದಾಕ ಫರ್ವಾನಿಯಾದಿಂದ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದರು. ಚಪ್ಪಲಿಗಳನ್ನು ಬಾಗಿಲ ಕಡೆ ಮುಖ ಮಾಡಿ ಜೋಡಿಸಿಟ್ಟು ಒಳಗೆ ಬಂದರೆ ಅತ್ತರು ಮತ್ತು ಬಂದೂಕಿನ ಎಣ್ಣೆಯ ವಾಸನೆ. ‘ಅಕ್ಕ, ನಿಮ್ಮ ಸಾರು ಭಾರೀ ಒಳ್ಳೇದುಂಟು. ತೆಂಗಿನಕಾಯಿಗೆ ಮಾತ್ರ ನಿಮ್ಮ ಮನೆ ಅಡ್ರೆಸ್ ಸಿಕ್ಕಿಲ್ಲ ಅಂತ ಕಾಣ್ತದೆ.’ ನಂತರ ಇಬ್ಬರೂ ತುಳುವಿಗೆ ಹೊರಳುತ್ತಿದ್ದರು. ಇವರು ತಲೆ ಹಿಂದಕ್ಕೆ ಹಾಕಿ, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು. ಇವರ ಆ ನಗು ಕನ್ನಡದಲ್ಲಿ ನನಗೆ ಒಂದು ಸಲವೂ ಸಿಕ್ಕಿರಲಿಲ್ಲ. ಇನ್ನೊಬ್ಬ ಹೆಂಗಸಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ತೊಂಬತ್ತರ ಬೇಸಿಗೆ. ನನಗೆ ಏಳನೇ ತಿಂಗಳು. ಹೆರಿಗೆಗೆ ಮೈಸೂರಿನ ಅಮ್ಮನ ಮನೆಗೆ ಹೋಗುವುದೆಂದು ತೀರ್ಮಾನವಾಗಿತ್ತು. ಇವರೂ ಜೊತೆಗೆ ಬಂದು, ಮಗು ಹುಟ್ಟುವಾಗ ಅಲ್ಲಿರಬೇಕು ಎನ್ನುವುದು ನನ್ನ ಒಂದೇ ಹಟ. ಆದರೆ ಅಂಗಡಿಯಿಂದ ಒಬ್ಬರಿಗೆ ಮಾತ್ರ ರಜೆ. ಅದ್ದಾಕ ಊರು ನೋಡದೆ ಎರಡು ವರ್ಷ ದಾಟಿತ್ತು. ಹೆಂಡತಿ ಮಕ್ಕಳು ಬಂಟ್ವಾಳದಲ್ಲಿದ್ದರು.

ಅಂಗಡಿಯ ಯಜಮಾನ, ಇವರಿಬ್ಬರ ವೀಸಾಕ್ಕೆ ಜಾಮೀನಾದ ಕಫೀಲ್, ಅಬು ಫಹದ್ ಎಂಬ ತಮಾಷೆಯ ಮುದುಕ. ಜುಲೈನಲ್ಲಿ ಆಫ್ರಿಕಾಕ್ಕೆ ಬೇಟೆಗೆ ಹೊರಟಿದ್ದ. ಹಿಂದಿನ ಸಲ ಅವನ ಬೈಪಾಡ್ ಕುಸಿದು ಗುರಿ ತಪ್ಪಿತ್ತಂತೆ. ಹೊಸದಾಗಿ ಬಂದ ಐದು ಮಾದರಿಗಳನ್ನು ಇವರಿಬ್ಬರ ಮುಂದೆ ಇಟ್ಟು, ‘ನೀವು ಒಬ್ಬೊಬ್ಬರು ಒಂದೊಂದು ಆರಿಸಿ ತನ್ನಿ. ನಾನು ಯಾರ ಕಾಲು ಒಪ್ಪುತ್ತೇನೋ ಅವನು ಊರಿಗೆ’ ಎಂದುಬಿಟ್ಟ.

ನಾನು ಇವರಿಗೆ ಹೇಳಿದೆ: ‘ಚೆನ್ನಾಗಿ ನೋಡಿ ಆರಿಸಿ. ಅದ್ದಾಕನಿಗೆ ಹೇಳಬೇಡಿ.’

ಮುಂದಿನ ಶುಕ್ರವಾರ ಊಟವಾದ ಮೇಲೆ ಇವರು ಐದನ್ನೂ ಚೀಲದಿಂದ ತೆಗೆದು ನಮ್ಮ ಹಾಲಿನ ನೆಲದ ಮೇಲೆ ಅದ್ದಾಕನ ಮುಂದೆ ಜೋಡಿಸಿದರು.

ರೈಫಲ್ ಮನೆಗೆ ತರುವಂತಿರಲಿಲ್ಲ. ಅದಕ್ಕೆ ನೆಲ ಒರೆಸುವ ಕೋಲು. ಕಟ್ಟಲು ದಾರ ಹುಡುಕಿ, ಕೊನೆಗೆ ಒಣಗಲು ಹಾಕಿದ್ದ ನನ್ನ ಲಂಗದ ಲಾಡಿಯನ್ನೇ ಎಳೆದು ತಂದರು. ಇಬ್ಬರು ದೊಡ್ಡ ಗಂಡಸರು ಸರದಿಯಂತೆ ಬೋರಲು ಮಲಗಿ ಸೋಫಾದ ಕೆಳಗಿದ್ದ ನನ್ನ ಚಪ್ಪಲಿಗೆ ಗುರಿಯಿಡುತ್ತಿದ್ದರು. ಒಂದು ಕಾಲು ಟಕ್ ಎಂದಿತು, ಅದು ಹೋಯಿತು. ಇನ್ನೊಂದು ಪಕ್ಕಕ್ಕೆ ವಾಲಿತು. ಮತ್ತೊಂದರ ಭಾರಕ್ಕೆ ಅದ್ದಾಕ ಕನ್ನಡದಲ್ಲಿ, ನನಗೆ ಕೇಳಲೆಂದೇ, ‘ಇದನ್ನು ಹೊರ್ಲಿಕ್ಕೆ ಒಂದು ಒಂಟೆ ಫ್ರೀ ಕೊಡ್ಬೇಕು’ ಎಂದರು. ಉಳಿದದ್ದು ಎರಡು: ಒಂದು ಗಿಡ್ಡ, ಒಂದು ಉದ್ದ.

ಅಡಿಗೆಮನೆಯ ಬಾಗಿಲಲ್ಲಿ ನಿಂತು ನಾನು ಕಂಡದ್ದು ಇಷ್ಟು. ಅದ್ದಾಕ ಗಿಡ್ಡದರ ಹಿಂದೆ ಮಲಗಿದ್ದರು. ಕುತ್ತಿಗೆ ಎತ್ತಬೇಕಾಗಲಿಲ್ಲ, ಗಲ್ಲ ಕೋಲಿನ ಮೇಲೆ ಹಾಯಾಗಿ ಕೂತಿತು, ಹೊಟ್ಟೆಯ ಏರಿಳಿತವೂ ನಿಧಾನವಾಯಿತು. ಉದ್ದದ್ದು ಇವರ ಮಂಡಿಯ ಬಳಿ ಇತ್ತು. ಇವರು ತುಳುವಿನಲ್ಲಿ ಏನೋ ವೇಗವಾಗಿ ಹೇಳಿದರು. ಅದ್ದಾಕ ತಲೆ ಎತ್ತಿದರು. ನನ್ನ ಕಡೆ ನೋಡಿದರು. ನನ್ನನ್ನೋ, ನನ್ನ ಹೊಟ್ಟೆಯನ್ನೋ, ನನ್ನ ತಲೆಯ ಮೇಲಿನ ಕ್ಯಾಲೆಂಡರನ್ನೋ. ಆಮೇಲೆ ಒಂದೇ ಮಾತು ಹೇಳಿದರು.

ಆ ಮಾತು ‘ಆವು’ ಇರಬಹುದು, ‘ಅವು’ ಇರಬಹುದು. ಆವು ಎಂದರೆ ತುಳುವಿನಲ್ಲಿ ‘ಆಗಲಿ’. ಅವು ಎಂದರೆ ‘ಅದು’. ಅಷ್ಟು ತುಳು ನನಗೆ ಅಷ್ಟರಲ್ಲಿ ಬಂದಿತ್ತು, ಗೊಂದಲಕ್ಕೆ ಬೇಕಾದಷ್ಟು.

ಮರುದಿನ ಗಿಡ್ಡ ಕಾಲು ಇವರ ಹೆಸರಿನಲ್ಲಿ, ಉದ್ದದ್ದು ಅದ್ದಾಕನ ಹೆಸರಿನಲ್ಲಿ ಅಬು ಫಹದನ ಮುಂದೆ ಹೋಯಿತು. ಅವನು ಎರಡರ ಹಿಂದೆಯೂ ಮಲಗಿ ಎದ್ದು, ಗಿಡ್ಡದ್ದನ್ನು ಎತ್ತಿಕೊಂಡು ‘ಖಲಾಸ್’ ಎಂದ. ಇವರ ಬೆನ್ನಿಗೆ ಹೊಡೆದು, ‘ಯಲ್ಲಾ, ಊರಿಗೆ ಹೋಗು’ ಎಂದ.

ಇವರು ಸಿಹಿ ತಂದರು. ನಾನು ಕೇಳಿದೆ: ‘ಗಿಡ್ಡದ್ದನ್ನ ಆರಿಸಿದ್ದು ಯಾರು?’

‘ನಾವಿಬ್ಬರೂ ಸೇರಿ ನೋಡಿದ್ದಲ್ವಾ?’

‘ಸೇರಿ ನೋಡಿದ್ದು ಸರಿ. ಆರಿಸಿದ್ದು ಯಾರು?’

‘ಏನೋ ಒಂದು, ಬಿಡು. ಅದ್ದಾಕ ಮಕ್ಕಳನ್ನು ನೋಡಿ ಎರಡು ವರ್ಷ ಆಯ್ತು. ಅವರೇ ಹೋಗಬಹುದಿತ್ತು, ಪಾಪ’ ಎಂದರು ಇವರು, ಬಾಯಲ್ಲಿ ಸಿಹಿ ಇಟ್ಟುಕೊಂಡು.

ಆ ‘ಪಾಪ’ವನ್ನು ನಾನು ಇವತ್ತಿಗೂ ಮರೆತಿಲ್ಲ. ಅದ್ದಾಕ ಹೇಳಿದ್ದು ‘ಆವು’ ಆಗಿದ್ದರೆ, ಗಿಡ್ಡ ಕಾಲನ್ನು ಆರಿಸಿದ್ದು ಇವರು, ಅವರು ಒಪ್ಪಿದ್ದು ಅಷ್ಟೇ. ನನ್ನ ಗಂಡ ಗೆದ್ದು ನನ್ನ ಜೊತೆ ಬಂದರು. ಹೇಳಿದ್ದು ‘ಅವು’ ಆಗಿದ್ದರೆ, ತನಗೆ ಒಗ್ಗಿದ ಗಿಡ್ಡದ್ದನ್ನು ಇವರಿಗೆ ಬಿಟ್ಟು, ‘ನನಗೆ ಅದು’ ಎಂದು ಉದ್ದದ್ದನ್ನು ತೆಗೆದುಕೊಂಡರು. ಅಂಗಡಿಯ ಬೀಗದ ಕೈ ಕೊಟ್ಟಂತೆ ನನ್ನ ಗಂಡನನ್ನು ನನಗೆ ಕೊಟ್ಟರು. ಒಂದು ದೀರ್ಘದ ವ್ಯತ್ಯಾಸ. ವಿಮಾನದಲ್ಲಿ ಇವರು ನನ್ನ ಕೈ ಹಿಡಿದು ಕೂತಿದ್ದಾಗಲೂ ನಾನು ಅದನ್ನೇ ಯೋಚಿಸುತ್ತಿದ್ದೆ. ನನ್ನದನ್ನು ನನಗೇ ದಾನ ಮಾಡಲು ಅದ್ದಾಕ ಯಾರು?

ಜುಲೈ ಕೊನೆಗೆ ಮಗ ಹುಟ್ಟಿದ. ಇವರು ಆಸ್ಪತ್ರೆಯ ಬಾಗಿಲಲ್ಲಿದ್ದರು. ನನ್ನ ಹಟ ನಡೆಯಿತು. ನಾನು ಇವರನ್ನು ಪೂರ್ತಿಯಾಗಿ ಪಡೆದದ್ದು ಕೆಲವೇ ದಿನ. ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಅಬು ಫಹದ್ ಆಫ್ರಿಕಾದಲ್ಲಿ, ನನ್ನ ಗಂಡ ಮೈಸೂರಿನಲ್ಲಿ, ಬಂದೂಕು ತುಂಬಿದ ಅಂಗಡಿಯಲ್ಲಿ ಅದ್ದಾಕ.

ಅಲ್ಲಿಂದ ಇವರು ರೇಡಿಯೋ ಬಿಟ್ಟು ಏಳಲಿಲ್ಲ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡೇ ಕೇಳುತ್ತಿದ್ದರು. ಮಗು ಅತ್ತರೆ ರೇಡಿಯೋದ ಸದ್ದು ಜಾಸ್ತಿ ಮಾಡುತ್ತಿದ್ದರು. ಒಂದು ದಿನ, ‘ನಾನು ಅಲ್ಲಿರಬೇಕಿತ್ತು’ ಎಂದರು. ಮಗು ಇವರ ಬೆರಳು ಹಿಡಿದು ಮಲಗಿತ್ತು. ನನಗೂ ಅದ್ದಾಕನ ಬಗ್ಗೆ ಭಯವಾಗುತ್ತಿತ್ತು. ಆದರೆ ಭಯದ ಪಕ್ಕದಲ್ಲೇ ಇನ್ನೊಂದು ಕೂತಿತ್ತು: ಅಷ್ಟು ದೂರದಲ್ಲಿ, ಬದುಕಿದ್ದಾರೋ ಇಲ್ಲವೋ ತಿಳಿಯದ ಸ್ಥಿತಿಯಲ್ಲೂ, ಈ ಮನುಷ್ಯ ನನಗಿಂತ ಇವರಿಗೆ ಹತ್ತಿರವಿದ್ದರು.

ಅಕ್ಟೋಬರಿನಲ್ಲಿ ಅದ್ದಾಕ ಬಾಗ್ದಾದ್, ಅಮ್ಮಾನ್ ದಾಟಿ ಬೊಂಬಾಯಿಗೆ ಬಂದಿಳಿದರು. ನವೆಂಬರಿನಲ್ಲಿ ಮಗು ನೋಡಲೆಂದು ಬಸ್ಸಿನಲ್ಲಿ ಮೈಸೂರಿಗೆ ಬಂದರು. ಹೊಟ್ಟೆ ಕರಗಿ ಹೋಗಿತ್ತು, ಅಂಗಿ ಬೇರೆಯವರದ್ದೆಂಬಂತೆ ತೂಗುತ್ತಿತ್ತು. ಚಪ್ಪಲಿಗಳನ್ನು ಮಾತ್ರ ಬಾಗಿಲ ಕಡೆ ಮುಖ ಮಾಡಿ ಜೋಡಿಸಿದರು. ಕೈಚೀಲದಿಂದ ಆ ಉದ್ದ ಬೈಪಾಡನ್ನು ತೆಗೆದು ಮೇಜಿನ ಮೇಲಿಟ್ಟರು.

‘ಬಂದೂಕು ಎಲ್ಲ ತಗೊಂಡು ಹೋದ್ರು. ಕಾಲು ಬಿಟ್ಟು ಹೋದ್ರು. ಇದು ನನ್ನದಲ್ವಾ, ಹಾಗೆ ತಂದೆ’ ಎಂದರು.

‘ದಾರಿಯಲ್ಲಿ ಯಾರೂ ಹಿಡೀಲಿಲ್ವಾ?’ ಎಂದೆ.

‘ಒಬ್ಬ ಇರಾಕಿ ಸಿಪಾಯಿ ಹಿಡಿದ. ಕ್ಯಾಮೆರಾ ಸ್ಟ್ಯಾಂಡ್ ಅಂತ ಹೇಳಿದೆ. ಮೂರನೇ ಕಾಲೆಲ್ಲಿ ಅಂತ ಕೇಳಿದ. ನೀವು ಬಂದ ಗಲಾಟೆಯಲ್ಲಿ ಹೋಯ್ತು ಅಂದೆ.’

ಇವರು ತಲೆ ಹಿಂದಕ್ಕೆ ಹಾಕಿ ನಕ್ಕರು. ಮೂರು ತಿಂಗಳ ಮೇಲೆ ಆ ನಗು ಮನೆಯಲ್ಲಿ ಕೇಳಿತು. ನಾನು ಚಹಾ ಮಾಡಲು ಒಳಗೆ ಹೋದೆ.

ಲೋಟ ಹಿಡಿದು ಹೊರಗೆ ಬಂದರೆ ಇಬ್ಬರೂ ಚಾಪೆಯ ಆಚೀಚೆ ಬೋರಲು ಮಲಗಿದ್ದರು. ನಡುವೆ ಮಗು. ಅಂಗಾತ ಮಲಗಿಸಿ ಹೋಗಿದ್ದ ಮಗು ಈಗ ಬೋರಲಾಗಿ, ಎರಡು ಮುಂಗೈ ನೆಲಕ್ಕೆ ಊರಿ, ತಲೆ ಎತ್ತಿ ಅದ್ದಾಕನನ್ನೇ ನೋಡುತ್ತಿತ್ತು.

‘ಈಗ ಮಗುಚಿದ ಅಕ್ಕ. ಕಾಲು ನೋಡಿ, ಎಷ್ಟು ಗಟ್ಟಿ. ಸ್ವಲ್ಪವೂ ಮಾತಾಡುದಿಲ್ಲ’ ಎಂದರು ಅದ್ದಾಕ.

ನನ್ನ ಮಗ ಮೊದಲ ಸಲ ಮಗುಚಿದ್ದನ್ನು ನೋಡಿದವರು ಅವರು. ನಾನು ಚಹಾ ಸೋಸುತ್ತಿದ್ದೆ.

ಸಂಜೆ ಬಸ್ ನಿಲ್ದಾಣಕ್ಕೆ ನಾನೂ ಹೋದೆ. ಇವರು ನೀರು ತರಲು ಹೋದಾಗ ಕಿಟಕಿಯ ಬಳಿ ನಿಂತು ಕೇಳಿಯೇಬಿಟ್ಟೆ: ‘ಅದ್ದಾಕ, ಅವತ್ತು ನಮ್ಮ ಮನೇಲಿ ನೀವು ಹೇಳಿದ್ದು ಅವು ಅಂತಲೋ, ಆವು ಅಂತಲೋ?’

ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. ‘ನಿಮಗೆ ತುಳು ಅರ್ಥ ಆಗ್ತದೆ ಅಂತ ನಿಮ್ಮ ಸುಧಾಕರ ಹೇಳ್ಲೇ ಇಲ್ಲ ಮಾರಾಯ್ತಿ. ಗೊತ್ತಿದ್ರೆ ನಿಮ್ಮ ಸಾರಿನ ವಿಷಯ ಸ್ವಲ್ಪ ಮೆಲ್ಲ ಮಾತಾಡ್ತಿದ್ದೆ.’

ಅಷ್ಟರಲ್ಲಿ ಇವರು ಬಂದರು. ಬಸ್ಸು ಹೊರಟಿತು. ನಾನು ಅದ್ದಾಕನನ್ನು ಮತ್ತೆ ನೋಡಲಿಲ್ಲ.

ಯುದ್ಧ ಮುಗಿದ ಮೇಲೆ ಇವರು ಕುವೈತಿಗೆ ವಾಪಸ್ಸಾದರು. ಅದ್ದಾಕ ಹೋಗಲಿಲ್ಲ, ಬಂಟ್ವಾಳದಲ್ಲಿ ಕೊಡೆ, ಚೀಲಗಳ ಅಂಗಡಿ ಇಟ್ಟರು. ರಜೆಗೆ ಬಂದಾಗಲೆಲ್ಲ ಇವರು ಅಲ್ಲಿಗೆ ಹೋಗುತ್ತಿದ್ದರು, ನನ್ನನ್ನು ಕರೆಯುತ್ತಿರಲಿಲ್ಲ. ನಾನು ಮಗನ ಜೊತೆ ಮಂಗಳೂರಿನಲ್ಲಿ ಮನೆ ಮಾಡಿದೆ. ಅಕ್ಕಪಕ್ಕದವರಿಂದ, ಮೀನಿನವಳಿಂದ ತುಳು ಕಲಿತೆ. ಇವರಿಗೆ ಹೇಳಲಿಲ್ಲ. ಇವರೂ ನನ್ನ ಜೊತೆ ಆ ಇಸ್ತ್ರಿ ಕನ್ನಡವನ್ನು ಬಿಡಲಿಲ್ಲ.

ಇವರು ಕೆಲಸ ಬಿಟ್ಟು ಊರಿಗೆ ಬಂದ ವರ್ಷ, ಒಂದು ಬೆಳಿಗ್ಗೆ ಫೋನ್ ಬಂತು. ಇವರು ಕೇಳಿಸಿಕೊಂಡು, ಇಟ್ಟು, ಗೋಡೆಗೆ ಒರಗಿ ನಿಂತರು.

‘ಅದ್ದಾಕ ಇಜ್ಜೆರ್‌ಗೆ’ ಎಂದರು.

ಅದ್ದಾಕ ಇಲ್ಲವಂತೆ. ತಾವು ಯಾವ ಭಾಷೆಯಲ್ಲಿ ಹೇಳಿದರೆಂದು ಇವರಿಗೇ ಗೊತ್ತಾಗಿರಲಿಲ್ಲ. ಇಷ್ಟು ವರ್ಷದಲ್ಲಿ ಇವರು ನನಗೆ ಹೇಳಿದ ಮೊದಲ ತುಳು ಮಾತು, ಅದೂ ಅದ್ದಾಕನ ಬಗ್ಗೆಯೇ.

ಯಾವಾಗ ಎಂದು ಕೇಳಬೇಕಿತ್ತು. ತುಳುವಿನಲ್ಲೇ ‘ಏಪ?’ ಎಂದು ಕೇಳಿದೆ.