ಅಕ್ಕನಿಗೆ ಕಳಿಸಿದ ಇಳಿತದ ಹೊತ್ತು

ಪರ್ತ್ ನಗರದಲ್ಲಿ ಕಸದ ಡಬ್ಬಿಗಳಿಗೂ ಪಾಳಿಯಿದೆ. ಕೆಂಪು ಮುಚ್ಚಳದ್ದು ಒಂದು ವಾರ, ಹಳದಿ ಮುಚ್ಚಳದ್ದು ಇನ್ನೊಂದು ವಾರ. ಬೆಳಗ್ಗೆ ಆರರೊಳಗೆ ರಸ್ತೆಯಂಚಿನಲ್ಲಿರಬೇಕು, ಹಿಡಿಕೆ ಮನೆಯ ಕಡೆಗಿರಬೇಕು. ಆಸ್ಟ್ರೇಲಿಯಾದ ಈ ಊರಿಗೆ, ಮಗಳ ಮನೆಗೆ ಬಂದ ಮೇಲೆ ನನಗೆ ಒಪ್ಪಿಗೆಯಾದ ವ್ಯವಸ್ಥೆ ಇದೊಂದೇ. ಉಳಿದದ್ದೆಲ್ಲ ಕಿರಿಕಿರಿ. ಮಗಳು ವೃದ್ಧಾಶ್ರಮವೊಂದರಲ್ಲಿ ನರ್ಸ್. ಅವಳ ಡ್ಯೂಟಿ ವಾರಕ್ಕೊಂದು ಬಗೆ. ಊಟದ ಹೊತ್ತಿಗೆ ಯಾರೂ ಮನೆಯಲ್ಲಿರುವುದಿಲ್ಲ, ಇದ್ದವರಿಗೆ ಹಸಿವಿರುವುದಿಲ್ಲ. ಮೊಮ್ಮಗಳನ್ನು ಶಾಲೆಗೆ ಬಿಟ್ಟು ಬಂದರೆ ಒಂಬತ್ತು ಗಂಟೆ. ಅಲ್ಲಿಂದ ಮೂರರವರೆಗೆ ನನಗೆ ಕೆಲಸವಿಲ್ಲ. ಹೆಂಡತಿ ಹಿತ್ತಲಲ್ಲಿ ಬಸಳೆ ಹಬ್ಬಿಸಿ ಅಕ್ಕಪಕ್ಕದವರ ಸ್ನೇಹ ಸಂಪಾದಿಸಿದಳು. ನಾನು ಗಡಿಯಾರ ನೋಡುತ್ತ ಕೂತೆ.

ಮಲ್ಲಾಪುರದ ಹತ್ತಿರದ ವಿದ್ಯುತ್ ಸ್ಥಾವರದಲ್ಲಿ ಪಾಳಿ ಕೆಲಸ ಮಾಡಿ ನಿವೃತ್ತನಾದವನು ನಾನು. ಅಲ್ಲಿ ಪಾಳಿ ಬದಲಾಗುವಾಗ ಹೋಗುವವನು ಹೇಳಿದ್ದನ್ನು ಬರುವವನು ತಿರುಗಿ ಹೇಳಬೇಕಿತ್ತು. ಬರೀ ‘ಆಯ್ತು’ ಎಂದರೆ ನಾನು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಪುಸ್ತಕದಲ್ಲಿ ಬರೆಯುವ ಸಮಯ ಗೋಡೆಯ ಗಡಿಯಾರದ್ದೇ ಆಗಿರಬೇಕು. ಕೈಗಡಿಯಾರ ನೋಡಿ ಬರೆದವರಿಂದ ಇಡೀ ಪುಟವನ್ನು ಮತ್ತೆ ಬರೆಸಿದ್ದೇನೆ.

ಇಂಥ ಅಭ್ಯಾಸ ಹೊತ್ತುಕೊಂಡು ಆ ಆರು ಗಂಟೆಗಳಲ್ಲಿ ನಾನು ಫೋನಿನೊಳಗೆ ಹೊಕ್ಕೆ. ತುಕ್ಕು ಹಿಡಿದ ಕತ್ತಿಯನ್ನು ವಿನೆಗರಿನಲ್ಲಿ ನೆನೆಸಿ ಚೊಕ್ಕ ಮಾಡುವ ವಿಡಿಯೋ ಸಿಕ್ಕಿತು. ಹಕ್ಕಿಯ ಕೂಗು ಕೇಳಿಸಿದರೆ ಅದರ ಹೆಸರು ಹೇಳುವ ಆ್ಯಪ್ ಸಿಕ್ಕಿತು. ಕಾರವಾರ ಬಂದರಿಗೆ ಬರುವ ಹಡಗು ಈಗ ಯಾವ ಸಮುದ್ರದಲ್ಲಿದೆ ಎಂದು ತೋರಿಸುವ ಪುಟವೂ ಇತ್ತು. ದಿನಕ್ಕೊಂದರಂತೆ, ಒಂಬತ್ತೂವರೆಗೆ ಸರಿಯಾಗಿ, ಕ್ರಮಸಂಖ್ಯೆ ಹಾಕಿ ಅಕ್ಕನಿಗೆ ಕಳಿಸತೊಡಗಿದೆ. ಅಕ್ಕ ಪ್ರತಿಯೊಂದಕ್ಕೂ ಹೆಬ್ಬೆರಳಿನ ಚಿತ್ರ ಒತ್ತಿ ಕಳಿಸುತ್ತಿದ್ದಳು. ನೋಡಿದಳೋ ಇಲ್ಲವೋ ತಿಳಿಯುವ ಬಗೆಯಿಲ್ಲ. ಆ ಹಳದಿ ಹೆಬ್ಬೆರಳು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಅಕ್ಕನನ್ನು ಕೊಟ್ಟದ್ದು ಕಾರವಾರದ ಪಕ್ಕದ ದೇವಬಾಗಕ್ಕೆ. ಭಾವ ಹೋದ ಮೇಲೆ ಅವಳು ಅಂಕೋಲೆಯ ಬಾಳೆಗುಳಿಯಲ್ಲಿ ಮಗಳ ಜೊತೆ ಇದ್ದಾಳೆ. ಆದರೆ ಕಾಳಿ ನದಿಯ ಅಳಿವೆಯಲ್ಲಿ ಬಳಚು ಹೆಕ್ಕುವುದನ್ನು ಬಿಟ್ಟಿಲ್ಲ. ನೀರಿಳಿದಾಗ ಮರಳು ಕೆದಕಿದರೆ ಸಿಗುವ ಆ ಚಿಪ್ಪುಗಳಿಗಾಗಿ ನೆರೆಯ ಇಬ್ಬರು ಹೆಂಗಸರನ್ನು ಕಟ್ಟಿಕೊಂಡು ಎರಡು ಬಸ್ಸು ಬದಲಿಸಿ ಹೋಗುತ್ತಾಳೆ. ಮೊದಲು ದೇವಬಾಗದ ಮನೆಯ ಜಗಲಿಯಲ್ಲಿ ನಿಂತರೆ ನೀರು ಕಾಣುತ್ತಿತ್ತು. ಈಗ ತಿಥಿ ಎಣಿಸಿ, ನೀರಿಳಿಯುವ ಹೊತ್ತು ಅಂದಾಜು ಮಾಡಿಯೇ ಹೊರಡಬೇಕು.

ಹಾಗಾಗಿ ಕಾರವಾರದ ಭರತಿ–ಇಳಿತದ ಹೊತ್ತನ್ನು ನಿಮಿಷ ಸಮೇತ ತೋರಿಸುವ ಪುಟವೊಂದು ಸಿಕ್ಕಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಅಂತೂ ಇಲ್ಲಿ ಕೂತು ಅಲ್ಲಿಯವರಿಗೆ ಉಪಯೋಗಕ್ಕೆ ಬರುವ ಒಂದು ಕೆಲಸ! ಈ ಸಲ ಹೆಬ್ಬೆರಳು ಬರಲಿಲ್ಲ, ಅಕ್ಕನೇ ಫೋನ್ ಮಾಡಿದಳು.

“ಹೌದನಾ ತಮ್ಮಾ? ಗುರುವಾರದ್ದೂ ತೋರಿಸ್ತದ್ಯಾ ಅದು?”

“ತೋರಿಸ್ತದೆ. ಗುರುವಾರ ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಪೂರ್ತಿ ಇಳಿತ.”

“ತದಿಗೆ ದಿನ ಒಂಬತ್ತಕ್ಕಾ? ಅಷ್ಟು ತಡ ಆಗೂದಿಲ್ವೋ. ಬೆಳಕು ಹರಿಯೂಕೂ ನೀರು ಇಳಿಯೂಕೂ ಸರಿ ಆಗ್ತದೆ.”

“ಅಕ್ಕಾ, ನೀನು ಬೆರಳು ಮಡಚಿ ಎಣಿಸಿದ್ದು. ಇದು ಯಂತ್ರ.”

“ಹಾಂಗಾರೆ ಸರಿ ಮಾರಾಯಾ. ನೀ ಶಾಣ್ಯಾ.”

“ತಿರುಗಿ ಹೇಳು.”

“ಒಂಬತ್ತೂ ಹತ್ತು, ಒಂಬತ್ತೂ ಹತ್ತು. ಸಾಕಾ? ಶಾಲೆ ಮಕ್ಕಳಿಗೆ ಮಾಡ್ದಂಗೆ ಮಾಡ್ತೀ ನೀ.”

ಗುರುವಾರ ನಾನು ಹತ್ತು ಸಲ ಫೋನ್ ನೋಡಿದೆ. ನಮ್ಮಲ್ಲಿ ಹನ್ನೊಂದೂ ನಲವತ್ತಾಗಿದ್ದಾಗ ಅಕ್ಕನ ವಿಡಿಯೋ ಕರೆ ಬಂತು. ಮೊದಲು ಸೀರೆಯ ನೆರಿಗೆ ಕಂಡಿತು, ಆಮೇಲೆ ಖಾಲಿ ಬುಟ್ಟಿ, ಆಮೇಲೆ ಕಾಳಿ. ಮರಳದಿಬ್ಬ ಇರಬೇಕಾದಲ್ಲಿ ದೋಣಿ ಕಟ್ಟುವ ಗೂಟಗಳ ತುದಿ ಮಾತ್ರ ನೀರಿನಿಂದ ಮೇಲಿತ್ತು.

“ಕಾಣ್ತದ್ಯಾ ತಮ್ಮಾ? ಯಂತದು ಇದು?”

“ನೀರು.”

“ನೀರೇ. ಸೊಂಟದ ಮಟ್ಟ. ಇಳಿದು ಮತ್ತೆ ಏರ್ತಾ ಅದೆ.”

ಹಿಂದಿನಿಂದ ಒಬ್ಬಾಕೆ ಕೂಗಿದಳು: “ನಿಮ್ಮ ತಮ್ಮಂಗೆ ಅಲ್ಲಿಂದ್ಲೇ ಒಂದು ಮುಳುಗು ಹಾಕೂಕೆ ಹೇಳ್ರೇ! ಬಳಚು ಸಿಕ್ಕದೇ ಎಲ್ಲಿ ಹೋಗ್ತದೆ?” ಇನ್ನೊಬ್ಬಾಕೆ ಗೊಳ್ಳೆಂದು ನಕ್ಕಳು.

ಅಕ್ಕ ನಗಲಿಲ್ಲ. “ಇವ್ರಿಬ್ರೂ ಬೇಡ ಬೇಡ ಅಂದ್ರು. ನನ್ನ ತಮ್ಮ ಗೊತ್ತಿಲ್ದೆ ಹೇಳೂವನಲ್ಲ ಅಂತ ನಾನೇ ಕರ್ಕಂಡು ಬಂದೆ,” ಎಂದು ಫೋನ್ ಇಟ್ಟಳು.

ಪುಟವನ್ನು ಮತ್ತೆ ತೆರೆದೆ. ಒಂಬತ್ತು ಹತ್ತು ಎಂದೇ ಇತ್ತು. ಅದನ್ನು ಮಾಡಿದವರನ್ನು ಬೈದೆ, ಫೋನನ್ನು ಬೈದೆ. ಬಸಳೆ ಸೋಸುತ್ತಿದ್ದ ಹೆಂಡತಿ ತಲೆಯೆತ್ತದೆ ಕೇಳಿದಳು: “ಅದು ಯಾವ ಊರಿನ ಗಂಟೆ?”

ಕಾರವಾರದ ನೀರು, ಪರ್ತಿನ ಗಂಟೆ! ಫೋನ್ ಇರುವ ಊರಿನ ಸಮಯವನ್ನೇ ಆ ಪುಟ ತೋರಿಸುತ್ತಿತ್ತು. ಇಲ್ಲಿಗೂ ಅಲ್ಲಿಗೂ ಎರಡೂವರೆ ತಾಸಿನ ಅಂತರ. ಕಳೆದರೆ ಆರೂ ನಲವತ್ತು. ಅಕ್ಕನ ತದಿಗೆಯ ಲೆಕ್ಕ ಸರಿಯಾಗಿಯೇ ಇತ್ತು. ಹಿಂದೆ ನನ್ನ ಕೈಕೆಳಗಿನವನು ಹೀಗೆ ಬರೆದಿದ್ದರೆ ಅವನಿಂದ ಪುಟವನ್ನಲ್ಲ, ಪುಸ್ತಕವನ್ನೇ ಬರೆಸುತ್ತಿದ್ದೆ.

ಅಂದೇ ವಿವರವಾಗಿ ಬರೆದು ಕಳಿಸಿದೆ: ಭೂಮಿ ತಿರುಗುವ ದಿಕ್ಕು, ಎರಡು ಊರುಗಳ ಸಮಯದ ಅಂತರ, ತಪ್ಪು ನಡೆದ ಬಗೆ, ಮುಂದಿನ ಹದಿನೈದು ದಿನಗಳ ತಿದ್ದಿದ ಪಟ್ಟಿ. ಹೆಬ್ಬೆರಳು ಬರಲಿಲ್ಲ. ಮರುದಿನ ಒಂಬತ್ತೂವರೆಗೆ ಮತ್ತೆ ಕಳಿಸಿದೆ, ಅದರ ಮರುದಿನವೂ. ಅಷ್ಟು ದಿನ ಮೈ ಉರಿಸುತ್ತಿದ್ದ ಹೆಬ್ಬೆರಳಿಗಾಗಿ ಎರಡು ವಾರ ಕಾದೆ. ಅಕ್ಕ ನೆರೆಯವರೆದುರು ನನ್ನ ಮಾತಿಗೆ ಜಾಮೀನು ನಿಂತಿದ್ದಳು. ಅದು ಹೋದರೆ ಊರಿನಲ್ಲಿ ನನ್ನದೆಂದು ಇನ್ನೇನು ಉಳಿದಿತ್ತು?

“ತಪ್ಪಾಯ್ತು ಅಂತ ಒಂದು ಮಾತು ಹೇಳಿದ್ರಾ?” ಎಂದಳು ಹೆಂಡತಿ.

“ಕಾರಣ ಎಲ್ಲ ಬರೆದಿದ್ದೇನಲ್ಲ!”

“ಕಾರಣ ಯಾರು ಕೇಳಿದ್ರು?”

ಫೋನ್ ಮಾಡಿದೆ. ಅಕ್ಕ ಎತ್ತಿದಳು. ಹಿನ್ನೆಲೆಯಲ್ಲಿ ಬಾಳೆಗುಳಿ ಕ್ರಾಸಿನ ಲಾರಿಗಳ ಹಾರ್ನ್ ಕೇಳುತ್ತಿತ್ತು.

“ಅಕ್ಕಾ, ತಪ್ಪು ನನ್ನದು. ನೀನು ಹೇಳಿದ್ದೇ ಸರಿ ಇತ್ತು.”

ಅಕ್ಕ ಎಂದಳು: “ತಿರುಗಿ ಹೇಳು.”

ತಿರುಗಿ ಹೇಳಿದೆ.

“ಹಾಂ. ಇನ್ನು ಹೊತ್ತು ನಾ ಹೇಳ್ತೆ. ನಿನ್ನ ಯಂತ್ರ ಸರಿ ಅದ್ಯಾ ಅಂತ ನೀ ನೋಡು.”

ಈಗ ವಾರಕ್ಕೊಮ್ಮೆ ಅಕ್ಕನ ಧ್ವನಿ ಬರುತ್ತದೆ: “ಚೌತಿ, ಏಳೂವರೆ ಆಸುಪಾಸು.” ನಾನು ಪುಟ ತೆರೆದು, ಎರಡೂವರೆ ತಾಸು ಕಳೆದು, ಕಾಗದದ ಮೇಲೆ ಇನ್ನೊಮ್ಮೆ ಕಳೆದು ನೋಡುತ್ತೇನೆ. ಹೆಚ್ಚೆಂದರೆ ಕಾಲು ಗಂಟೆಯ ವ್ಯತ್ಯಾಸ. “ಆಸುಪಾಸು ಅಂದ್ರೆ ಎಷ್ಟು ನಿಮಿಷ?” ಎಂದು ಎರಡು ಸಲ ಬರೆದು ಕೇಳಿದೆ. ಎರಡು ಸಲವೂ ಬಂದದ್ದು ಆ ಹಳದಿ ಹೆಬ್ಬೆರಳು.