ಹಡಗು ಹತ್ತಿದ ಗಂಜಿ ಅಂಗಿ

ಸುಧಾರಾಣಿ ನನ್ನ ವಿದ್ಯಾರ್ಥಿನಿ. ನಾನು ಬ್ಯಾಡಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಾಗ ಕದರಮಂಡಲಗಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ಖೋಖೋ ಆಡಲು ನಿಂತರೆ ಅವಳನ್ನು ಮುಟ್ಟಿದ ಹುಡುಗಿ ಇರಲಿಲ್ಲ. ಕಿವಿ ಹಿಂಡುವುದರಲ್ಲಿ ಹೆಸರು ಮಾಡಿದವಳು ನಾನು, ಅವಳ ಕಿವಿಯನ್ನೂ ಹಿಂಡಿದ್ದೇನೆ. "ಉತ್ತರ ಬರೋಬರಿ ಐತಲ್ರಿ ಅಕ್ಕಾರ, ಯಾಕ ಹಿಂಡತೀರಿ?" ಎಂದು ನನ್ನ ಮುಖ ನೋಡಿಯೇ ಕೇಳಿದ ಹುಡುಗಿ ಅವಳೊಬ್ಬಳೇ. ಲೆಕ್ಕದ ಉತ್ತರ ನಿಜಕ್ಕೂ ಸರಿಯಿತ್ತು.

ಹತ್ತೊಂಬತ್ತು ತುಂಬುವ ಮೊದಲೇ ಅವಳ ತಾಯಿ ಸಿದ್ದವ್ವ ಮದುವೆ ಮಾಡಿಕೊಟ್ಟಳು. ಗಂಡ ರುದ್ರಮುನಿಗೆ ರಾಣೆಬೆನ್ನೂರಿನಲ್ಲಿ ಬೀಜ, ಗೊಬ್ಬರದ ಅಂಗಡಿ. ಹಾವೇರಿಯಲ್ಲಿ ನನ್ನ ಯಜಮಾನರು ಸದಾಶಿವ ಅವರದೂ ಅದೇ ವ್ಯಾಪಾರ, ಅದೇ ಕಂಪನಿಯ ಬೀಜ. ಹಾಗಾಗಿ ವರ್ಷಕ್ಕೊಮ್ಮೆ ಕಂಪನಿಯ ಊಟಕ್ಕೆ ಒಬ್ಬನೇ ಬರುತ್ತಿದ್ದ ರುದ್ರಮುನಿಯನ್ನು ನೋಡುತ್ತಿದ್ದೆ. ಮಾತು ಮೃದು, ನಗು ಚೆಂದ. ಮೈಮೇಲೆ ಯಾವಾಗಲೂ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಧೋತರ. ಕುಂತೆದ್ದರೂ ಅದಕ್ಕೆ ಒಂದು ಸುಕ್ಕು ಬೀಳುತ್ತಿರಲಿಲ್ಲ. "ಎಷ್ಟು ನೀಟು ನೋಡು ಅಂವಾ" ಎಂದು ಸದಾಶಿವ ನನಗೆ ಚುಚ್ಚುತ್ತಿದ್ದರು. ಆ ನೀಟಿನ ಬೆಲೆ ಯಾರ ಮೈಮೇಲೆ ಬೀಳುತ್ತಿತ್ತು ಎಂದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಅದನ್ನೆಲ್ಲ ಸುಧಾರಾಣಿ ನನಗೆ ಹೇಳಿದ್ದು ಆಮೇಲೆ. ಮದುವೆಯಾದ ಹದಿನೈದನೆಯ ದಿನ ಕಾಲರಿನ ತುದಿ ಮಡಚಿತ್ತೆಂದು ಮೊದಲ ಏಟು. ಒಂದು ಸಲ ಇಸ್ತ್ರಿಪೆಟ್ಟಿಗೆಯ ವೈರು, ಇನ್ನೊಂದು ಸಲ ಅದೇ ಬಿಸಿ ಪೆಟ್ಟಿಗೆ ಮುಂಗೈ ಮೇಲೆ. ಧೋತರದ ಮೇಲೆ ಹಳದಿ ಕಲೆ ಎದ್ದಿತೆಂದು ಹೊಟ್ಟೆಗೆ ಒದ್ದಾಗ ಮೂರು ತಿಂಗಳ ಬಸಿರು ಹೋಯಿತು. ಆ ರಾತ್ರಿಯೇ ಬೇರೆ ಧೋತರಕ್ಕೆ ಗಂಜಿ ಹಾಕಿಸಿದ. ಅವನು ಹೀಗಾಗಲು ಅವನ ಬಾಲ್ಯದಲ್ಲೇನೋ ಕಾರಣ ಇದ್ದೀತು ಎನ್ನುವವರಿದ್ದಾರೆ. ಹುಡುಕುವವರು ಹುಡುಕಲಿ, ನನಗೆ ಆ ಪುರುಸೊತ್ತಿಲ್ಲ.

ಹೋದ ವರ್ಷ ಕಂಪನಿ ಹೆಚ್ಚು ಬೀಜ ಮಾರಿದ ಡೀಲರುಗಳನ್ನು ಹೆಂಡತಿ ಸಮೇತ ಹಡಗಿನ ಪ್ರವಾಸಕ್ಕೆ ಕರೆಯಿತು. ಮುಂಬೈಯಲ್ಲಿ ಹತ್ತಿ, ಲಕ್ಷದ್ವೀಪದ ಕಡೆ ಹೋಗಿ, ಮತ್ತೆ ಮುಂಬೈಗೆ. ಮೂರನೆಯ ದಿನ ಸಂಜೆ ಏಳಕ್ಕೆ ಹಡಗಿನ ದೊಡ್ಡ ಹಾಲಿನಲ್ಲಿ ಸನ್ಮಾನ. ಜಿಲ್ಲೆಗೆ ಮೊದಲ ನಂಬರು ರುದ್ರಮುನಿ. ಹಡಗಿನ ಕೋಣೆಗೆ ಇಸ್ತ್ರಿಪೆಟ್ಟಿಗೆ ಒಯ್ಯುವ ಹಾಗಿಲ್ಲ, ಬೆಂಕಿಯ ಭಯ ಎಂದು ಕಂಪನಿಯವರು ಮೊದಲೇ ತಿಳಿಸಿದ್ದರು.

ಅವತ್ತಿನಿಂದ ರಾಣೆಬೆನ್ನೂರಿನ ಆ ಮನೆಯಲ್ಲಿ ತಾಲೀಮು ಶುರುವಾಯಿತು. ಅಂಗಿಗಳನ್ನು ಸೂಟ್‌ಕೇಸಿಗೆ ತುಂಬಿಕೊಂಡು ಸುಧಾರಾಣಿ ಬಸ್ಸಿನಲ್ಲಿ ಬ್ಯಾಡಗಿಗೆ ಹೋಗಿ ತಿರುಗಿ ಬರಬೇಕು. "ಹಡಗು ಹೆಂಗ ಅಲ್ಲಾಡತೈತೋ ಯಾರಿಗ್ಗೊತ್ತು. ಮೊದಲ ಬಸ್ಸಿನ್ಯಾಗ ನೋಡೂಣು" ಎಂದನಂತೆ. ತಿರುಗಿ ಬಂದ ಮೇಲೆ ಸೂಟ್‌ಕೇಸನ್ನು ಮಂಚದ ಮೇಲೆ ಬಿಚ್ಚಿ, ಕಿಟಕಿಯ ಬೆಳಕಿಗೆ ಅಂಗಿ ಹಿಡಿದು ಸುಕ್ಕು ಎಣಿಸುತ್ತಿದ್ದ. ಮೊದಲ ಸಲ ಏಳು ಸಿಕ್ಕವು. ಬೆಲ್ಟಿನಿಂದ ಏಳು ಏಟು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಅವಳು ಇಸ್ತ್ರಿ ಅಂಗಡಿಯ ಇಸಾಕಸಾಬರ ಹತ್ತಿರ ಹೋದಳು. ನಲವತ್ತು ವರ್ಷ ಇದ್ದಿಲಿನ ಪೆಟ್ಟಿಗೆ ಹಿಡಿದ ಮುದುಕ. ಅವಳ ಮುಂಗೈ ನೋಡಿದ, ಏನೂ ಕೇಳಲಿಲ್ಲ, ಕೆಲಸ ಹೇಳಿಕೊಟ್ಟ. "ಗಂಜಿ ಬಟ್ಟಿ ಸುರುಳಿ ಸುತ್ತಬ್ಯಾಡವಾ, ಮುರೀತೈತಿ. ಗುಂಡಿ ಎಲ್ಲಾ ಹಾಕು. ಕಾಲರಿನ್ಯಾಗ ಕಾಲಚೀಲ ಸುತ್ತಿ ಇಡು. ಬಟ್ಟಿ ಅಂಗಡ್ಯಾಗ ಅರಿವಿ ಸುತ್ತಿದ ತಾನಿನ ನಡುವ ರಟ್ಟು ಇರತೈತಲ್ಲ, ಅದರ ಮ್ಯಾಲ ಅಂಗಿ ಹಾಸಿ ಮಡಚು. ಮಡಿಕಿಗೆ ಮಡಿಕಿ ಕೂಡದಂಗ ನಡುವ ತೆಳ್ಳನ ಪ್ಲಾಸ್ಟಿಕ್ ಹಾಳಿ. ಸೂಟ್‌ಕೇಸ್ ಗಚ್ಚಾಗಿ ತುಂಬು, ಅಲ್ಲಾಡಿದ್ರ ಸುಕ್ಕು ಬೀಳತಾವು."

ಎರಡನೆಯ ಸಲ ಬ್ಯಾಡಗಿಗೆ ಹೋಗಿ ಬಂದಾಗ ಎರಡೇ ಸುಕ್ಕು, ಎರಡೇ ಏಟು. ಮೂರನೆಯ ಸಲ ಅವನು ಎಷ್ಟು ಹುಡುಕಿದರೂ ಒಂದೂ ಸಿಗಲಿಲ್ಲ. ಅದಕ್ಕೂ ಕಪಾಳಕ್ಕೊಂದು ಬಿತ್ತು. "ಮೊದಲ ಹಿಂಗ ಮಾಡಾಕ ಏನ ಧಾಡಿ ಆಗಿತ್ತು ನಿನಗ?"

ಮುಂಬೈ ಬಂದರಿನಲ್ಲಿ ನಾನು ಅವಳನ್ನು ಎಷ್ಟೋ ವರ್ಷದ ಮೇಲೆ ನೋಡಿದೆ. "ಅಕ್ಕಾರ!" ಎಂದು ಓಡಿ ಬಂದು ಕಾಲಿಗೆ ಬಿದ್ದಳು. ಮಾತಾಡಲು ಹೊತ್ತು ಸಿಗಲಿಲ್ಲ. ತಪಾಸಣೆಯ ಯಂತ್ರದಲ್ಲಿ ಅವರ ಸೂಟ್‌ಕೇಸು ಹಿಡಿದು ನಿಲ್ಲಿಸಿದ್ದರು. ರೊಟ್ಟಿ ಗಂಟಿನ ಕೆಳಗೆ ಸೀರೆಯಲ್ಲಿ ಸುತ್ತಿದ ಇಸ್ತ್ರಿಪೆಟ್ಟಿಗೆ ಇತ್ತು. ಇಟ್ಟವನು ರುದ್ರಮುನಿ. ಆದರೆ ಎಲ್ಲರೆದುರು "ಎಷ್ಟ ಹೇಳಿದ್ರೂ ತಿಳಿಯೂದುಲ್ಲ ನೋಡ್ರಿ ಈ ಹೆಂಗಸರಿಗೆ" ಎಂದು ನಕ್ಕ. ನಾವೂ ನಕ್ಕೆವು. ಹೌದು, ನಾನೂ ನಕ್ಕೆ.

ಹಡಗಿನಲ್ಲಿ ಅವರ ಕೋಣೆ ನಮ್ಮ ಪಕ್ಕದ್ದೇ. ನಡುವೆ ತಗಡಿನಂಥ ಗೋಡೆ. ಅವತ್ತು ಮಧ್ಯಾಹ್ನ ಹಡಗು ಬಿಟ್ಟು ಅರ್ಧ ತಾಸಾಗಿರಲಿಲ್ಲ, ಶುರುವಾಯಿತು. ಬಂದರಿನವರು ಇಸ್ತ್ರಿಪೆಟ್ಟಿಗೆ ಕಿತ್ತುಕೊಂಡದ್ದಕ್ಕೆ. ಗೋಡೆಗೆ ತಲೆ ಬಡಿದ ಸದ್ದಿಗೆ ನಮ್ಮ ಕಡೆಯ ಕನ್ನಡಿ ಅದುರಿತು. ಅವಳು ಕೂಗಲಿಲ್ಲ, "ಬ್ಯಾಡ್ರಿ, ಬ್ಯಾಡ್ರಿ" ಎಂದಷ್ಟೇ ಕೇಳುತ್ತಿತ್ತು. ನಾನು ಎದ್ದೆ. ಸದಾಶಿವ ಟೀವಿಯ ಸದ್ದು ಹೆಚ್ಚು ಮಾಡಿದರು. "ಗಂಡಾ ಹೆಂಡ್ತಿ ವಿಷಯ. ನಾಳೆ ಅವನ ಜೋಡಿ ಊಟಕ್ಕ ಕೂಡಬೇಕು ನಾವು. ಸುಮ್ಮನ ಕೂಡು." ಮೂವತ್ತು ವರ್ಷ ಮಕ್ಕಳನ್ನು ಗದರಿಸಿ ಕೂಡಿಸಿದ ಹೆಂಗಸು ನಾನು, ಒಂದೇ ಮಾತಿಗೆ ಕೂತುಬಿಟ್ಟೆ.

ಎರಡನೆಯ ದಿನ ಹಡಗಿನ ಧೋಬಿಖಾನೆಗೆ ಕೊಟ್ಟ ಒಂದು ಅಂಗಿ ಗಂಜಿಯಿಲ್ಲದೆ ಮೆತ್ತಗಾಗಿ ಬಂತು. ಅದಕ್ಕೂ ಹೊಡೆತ. ಈ ಸಲ ಅವಳ ಬಾಯಿಗೆ ಬಟ್ಟೆ ತುರುಕಿದ್ದನೆಂದು ಕಾಣುತ್ತದೆ, ಗೋಡೆಯಾಚೆಯಿಂದ ಗೂಗೂ ಎಂಬ ಸದ್ದಷ್ಟೇ ಬರುತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ ಅವಳು ನಮ್ಮ ಕೋಣೆಗೆ ಬಂದಳು. ತುಟಿ ಒಡೆದಿತ್ತು. ಕೈಯಲ್ಲಿ ಸಂಜೆಯ ಸನ್ಮಾನಕ್ಕೆಂದು ಎತ್ತಿಟ್ಟ ಅಂಗಿ. ಪೆಟ್ಟಿಗೆ ಹುಡುಕುವಾಗ ಬಂದರಿನವರು ಸೂಟ್‌ಕೇಸನ್ನೆಲ್ಲ ಕೆದರಿದ್ದರಿಂದ ರಟ್ಟು ಜಾರಿ, ಎದೆಯ ಮೇಲೆ ಅಡ್ಡಡ್ಡ ನಾಲ್ಕು ಸುಕ್ಕು ಬಿದ್ದಿದ್ದವು. ಧೋಬಿಖಾನೆಗೆ ಕೊಡುವ ಧೈರ್ಯ ಅವಳಿಗಿರಲಿಲ್ಲ.

"ಅಕ್ಕಾರ, ಇದನ್ನ ನೋಡಿದ್ರ ಇವತ್ತ ನನ್ನ ಕೊಂದ ಹಾಕತಾನ್ರಿ. ಏನರ ಉಪಾಯ ಹೇಳ್ರಿ."

ಅವಳು ಕೇಳಿದ್ದು ಜೀವಕ್ಕೆ ಉಪಾಯ. ನಾನು ಹೇಳಿದ್ದು ಅಂಗಿಗೆ ಉಪಾಯ. ಮೊಬೈಲಿನಲ್ಲಿ ಎಲ್ಲೋ ನೋಡಿದ್ದೆ: ಬಚ್ಚಲಲ್ಲಿ ಅಂಗಿ ತೂಗುಹಾಕಿ, ಬಾಗಿಲು ಮುಚ್ಚಿ, ಬಿಸಿನೀರು ಬಿಟ್ಟರೆ ಹಬೆಗೆ ಸುಕ್ಕೆಲ್ಲ ಇಳಿಯುತ್ತವೆ. ಅದನ್ನೇ ದೊಡ್ಡ ಜಾಣೆಯ ಹಾಗೆ ಒಪ್ಪಿಸಿದೆ. ಸಿಂಥೆಟಿಕ್ ಸೀರೆ ಉಟ್ಟುಕೊಂಡು ಜನ್ಮ ಕಳೆದವಳಿಗೆ ಗಂಜಿಯ ಗುಣ ಏನು ಗೊತ್ತು? ಹಬೆ ತಾಗಿದರೆ ಸುಕ್ಕಿನ ಜೊತೆ ಗಂಜಿಯೂ ಕರಗುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಅವಳಿಗೆ ಹೊಳೆದಿರಬೇಕು. ಆದರೆ ಹೇಳಿದವಳು ಅಕ್ಕಾರು. ಅಕ್ಕಾರು ಹೇಳಿದ್ದು ತಪ್ಪಾಗುವುದುಂಟೇ? ಬುದ್ಧಿವಂತಿಕೆ ನನ್ನದು, ಬೆನ್ನು ಅವಳದು.

ಐದೂವರೆಗೆ ರುದ್ರಮುನಿ ಕೋಣೆಗೆ ಬಂದ. ಸುಕ್ಕೇನೋ ಒಂದೂ ಇರಲಿಲ್ಲ. ಆದರೆ ಅಂಗಿ ಅಂಟಂಟಾಗಿ, ನೆಲ ಒರೆಸುವ ಅರಿವೆಯ ಹಾಗೆ ಜೋತು ಬಿದ್ದಿತ್ತು.

"ಇದನ್ನ ಹಾಕ್ಕೊಂಡ ಸ್ಟೇಜ್ ಹತ್ತಲೇನು? ಹೆಣದ ಮ್ಯಾಲ ಹೊಚ್ಚೂ ಬಟ್ಟಿ ಮಾಡಿಟ್ಟೀಯಲ್ಲ, ರಂಡಿ!"

ನಮ್ಮ ಕೋಣೆಗೆ ಪ್ರತಿ ಅಕ್ಷರ ಕೇಳಿಸಿತು. ಆಮೇಲೆ ಕೇಳಿದ್ದು ಹೊಳೆಯ ಬಂಡೆಯ ಮೇಲೆ ಬಟ್ಟೆ ಒಗೆಯುವ ಸದ್ದು. ಅಂಗಿಯನ್ನೇ ಹಗ್ಗದ ಹಾಗೆ ಹಿಂಡಿ ಅದರಿಂದಲೇ ಬಾರಿಸುತ್ತಿದ್ದ. ಬೆನ್ನಿಗೆ, ಮುಖಕ್ಕೆ, ಮೊಲೆಗೆ. ಇಪ್ಪತ್ತೋ ಮೂವತ್ತೋ. ನಾನು ಸನ್ಮಾನಕ್ಕೆ ಹೋಗಲು ಸೀರೆಯ ನೆರಿಗೆ ಹಿಡಿಯುತ್ತಿದ್ದೆ. ಒಂದೊಂದು ಏಟಿಗೂ ಕೈಯಿಂದ ನೆರಿಗೆ ಬಿಟ್ಟು ಹೋಗುತ್ತಿತ್ತು, ಮತ್ತೆ ಹಿಡಿಯುತ್ತಿದ್ದೆ. ನನಗೆ ಅಷ್ಟು ನಾಚಿಕೆಗೇಡಿತನ ಎಲ್ಲಿಂದ ಬಂತೋ ದೇವರೇ ಬಲ್ಲ.

ಆಮೇಲೆ ಸದ್ದು ನಿಂತಿತು. ಆಗ ಗೋಡೆಯಾಚೆ, ಅವಳೇ ಆಮೇಲೆ ಹೇಳಿದಂತೆ, ಅವನು ಆ ಹಿಂಡಿದ ಅಂಗಿಯನ್ನು ಅವಳ ಕೊರಳಿಗೆ ಸುತ್ತಿ ಎಳೆಯುತ್ತಿದ್ದ. ಕಣ್ಣು ಕತ್ತಲೆ ಬರುವಾಗ ಅವಳ ಕೈಗೆ ಸಿಕ್ಕಿದ್ದು ಮೇಜಿನ ಮೇಲೆ ಅವನ ಚಹಾಕ್ಕೆಂದು ಕುದಿಯುತ್ತಿದ್ದ ಹಡಗಿನವರ ಕೆಟಲ್. ತುಂಬಿದ ಕೆಟಲನ್ನು ಹಿಂದಕ್ಕೆ ಬೀಸಿದಳು. ಕುದಿಯುವ ನೀರು ಅವನ ಮುಖಕ್ಕೆ, ಹೆಗಲಿಗೆ. ಅವನು ಕೈ ಬಿಟ್ಟಾಗ ತಿರುಗಿ ನಿಂತು ಖಾಲಿ ಕೆಟಲಿನಿಂದ ತಲೆಗೆ ಹೊಡೆದಳು. ಒಂದಲ್ಲ, ಹಿಡಿಕೆ ಮುರಿಯುವ ತನಕ.

ಅವನ ಚೀರಾಟಕ್ಕೆ ಇಡೀ ಓಣಿಯ ಬಾಗಿಲುಗಳು ತೆರೆದವು. ಸದಾಶಿವ ಎಲ್ಲರಿಗಿಂತ ಮುಂದೆ ಓಡಿದರು, ಹಿಂದೆ ನಾನು. ಹೆಂಗಸೊಬ್ಬಳು ಮೂರು ದಿನ ಸತ್ತು ಬದುಕಿದರೂ ಏಳದ ನಾವು, ಗಂಡಸಿನ ಒಂದು ಕೂಗಿಗೆ ಬರಿಗಾಲಲ್ಲಿ ಓಡಿ ಹೋದೆವು. ಅವನು ನೆಲದ ಮೇಲೆ ಹೊರಳಾಡುತ್ತಿದ್ದ. ಮುಖದ ಚರ್ಮ ಬಿಳಿಚಿ ಎದ್ದಿತ್ತು, ನೆತ್ತಿಯಿಂದ ರಕ್ತ ಇಳಿಯುತ್ತಿತ್ತು. ಅವಳು ಮಂಚಕ್ಕೆ ಒರಗಿ ಉಸಿರು ಎಳೆಯುತ್ತಿದ್ದಳು. ಅಂಗಿ ಇನ್ನೂ ಕೊರಳಲ್ಲೇ ಇತ್ತು. ನಾನು ಅದನ್ನು ಬಿಚ್ಚಿದೆ. ಕೆಳಗೆ ಬೆರಳ ದಪ್ಪದ ನೇರಳೆ ಬರೆ.

"ಸತ್ತಾನೇನ್ರಿ?" ಎಂದಳು.

"ಇಲ್ಲ."

"ಹಂಗಾರ ನನ್ನ ಅವನ ಕೈಯಾಗ ಕೊಡಬ್ಯಾಡ್ರಿ."

ರುದ್ರಮುನಿ ಬದುಕಿದ. ಹಡಗಿನ ವೈದ್ಯರು ಬ್ಯಾಂಡೇಜು ಸುತ್ತುತ್ತಿರುವಾಗಲೇ "ಹೆಂಡತಿಗೆ ತಲೆ ಕೆಟ್ಟೈತಿ, ಮಲಗಿದ್ದವನ ಮ್ಯಾಲ ನೀರು ಸುರುವಿದಳು" ಎಂದು ಹೇಳಿಕೆ ಕೊಟ್ಟ. ಕೊರಳ ಬರೆಯನ್ನು ಅವಳೇ ಮಾಡಿಕೊಂಡಳು ಎಂದ. ಸುಟ್ಟ ಮುಖ ಅವನದು, ಹಾಗಾಗಿ ನಂಬುವವರೂ ಇದ್ದರು. ಹಡಗಿನ ರಕ್ಷಣಾ ಅಧಿಕಾರಿ ನನ್ನನ್ನು ಕರೆಸಿದ. ಬಂದರಿನಲ್ಲಿ ಪೊಲೀಸರಿಗೆ ಕೊಡುವ ವರದಿ ಅವನು ಬರೆಯಬೇಕಿತ್ತು. ಪಕ್ಕದ ಕೋಣೆಯವರು ಏನೂ ಕೇಳಿಲ್ಲವೆಂದರೆ ಸುಧಾರಾಣಿ ಮಲಗಿದ ಗಂಡನನ್ನು ಕೊಲ್ಲಲು ಹೋದ ಹೆಂಗಸಾಗಿಯೇ ಮುಂಬೈಯಲ್ಲಿ ಇಳಿಯುತ್ತಾಳೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಅಧಿಕಾರಿಗೆ ಕನ್ನಡ ಬಾರದು. ನಡುವೆ ಮಾತು ತಿರುಗಿಸಿ ಹೇಳಲು ಕಂಪನಿಯ ಹೇಮಂತ ಕೂತಿದ್ದ. ನಾನು ಒಳಗೆ ಕಾಲಿಡುವ ಮೊದಲೇ ಬಾಗಿಲಲ್ಲಿ ಹಿಡಿದು ನಿಲ್ಲಿಸಿದ. "ಬಾಯಾರ, ಏನೂ ಕೇಳಿಲ್ಲ ಅಂದಬಿಡ್ರಿ. ಕಂಪನಿ ಹೆಸರು ಹಾಳಾಗತದ." ಸದಾಶಿವ ಹಿಂದಿನಿಂದ ನನ್ನ ಮೊಣಕೈ ಅದುಮಿದರು. ಮೂಲೆಯ ಕುರ್ಚಿಯಲ್ಲಿ ಸುಧಾರಾಣಿ ತಲೆ ತಗ್ಗಿಸಿ ಕೂತಿದ್ದಳು.

"ಕೇಳಿಸ್ತಿತ್ತು. ಮೂರೂ ದಿನ ಕೇಳಿಸ್ತಿತ್ತು," ಎಂದೆ. ಗೋಡೆಗೆ ತಲೆ ಬಡಿದದ್ದು, ಬಾಯಿಗೆ ಬಟ್ಟೆ ತುರುಕಿದ್ದು, ಬೈದ ಮಾತು, ಒದ್ದೆ ಬಟ್ಟೆಯ ಏಟು ಎಲ್ಲವನ್ನೂ ಹೇಳಿದೆ. ಸದಾಶಿವ ಎದ್ದು ಹೊರಗೆ ಹೋದರು. ಹೇಮಂತ ಮನಸ್ಸಿಲ್ಲದೆ ತಿರುಗಿಸಿ ಹೇಳಿದ, ಅಧಿಕಾರಿ ಬರೆದುಕೊಂಡ. ಅದೇ ವರದಿಯ ಬಲದ ಮೇಲೆ ಅವಳು ಜೈಲಿಗೆ ಹೋಗದೆ, ಕರೆದೊಯ್ಯಲು ಮುಂಬೈಗೆ ಬಂದ ತಾಯಿಯ ಜೊತೆ ಕದರಮಂಡಲಗಿಗೆ ಹೋದಳು. ಕೇಸು ಇನ್ನೂ ನಡೆಯುತ್ತಿದೆ, ನನಗೂ ಸದಾಶಿವರಿಗೂ ಅವತ್ತಿನಿಂದ ಮಾತು ಅಷ್ಟಕ್ಕಷ್ಟೇ. ಜನ ನನ್ನನ್ನು ಧೈರ್ಯವಂತೆ ಎನ್ನುತ್ತಾರೆ. ಅವರಿಗೆ ಅವತ್ತು ಅಧಿಕಾರಿಯ ಕೋಣೆಯಲ್ಲಿ ಆಮೇಲೆ ನಡೆದದ್ದು ಗೊತ್ತಿಲ್ಲ.

ಅಧಿಕಾರಿ ಪೆನ್ನು ಕೆಳಗಿಟ್ಟು ಒಂದು ಪ್ರಶ್ನೆ ಕೇಳಿದ. ಹೇಮಂತ ನನ್ನ ಮುಖ ನೋಡದೆ ಅದನ್ನು ಕನ್ನಡಕ್ಕೆ ತಂದ. "ನಿಮ್ಮ ಮಂಚದ ಪಕ್ಕದಾಗ ಫೋನ್ ಇತ್ತು. ಒಂದು ಗುಂಡಿ ಒತ್ತಿದ್ರ ಎರಡು ನಿಮಿಷಕ್ಕ ನಮ್ಮವರು ಬರ್ತಿದ್ರು. ಮೂರು ದಿನ ಕೇಳಿಸ್ಕೊಂಡು ನೀವೇನ ಮಾಡಿದ್ರಿ ಅಂತ ಕೇಳ್ತಾರ."

ಸುಳ್ಳು ಹೇಳಬಹುದಿತ್ತು. ಗಾಬರಿಯಾಗಿತ್ತು ಎನ್ನಬಹುದಿತ್ತು.

"ಅಂಗೀ ಸುಕ್ಕು ಹೆಂಗ ತಗೀಬೇಕು ಅಂತ ಆಕೀಗೆ ಹೇಳಿಕೊಟ್ಟೆ," ಎಂದೆ.

ಹೇಮಂತ ಅದನ್ನು ತಿರುಗಿಸಿ ಹೇಳಲಿಲ್ಲ. ನಾನೇ ನನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದೆ. ಅಧಿಕಾರಿ ಪೆನ್ನು ಎತ್ತಿಕೊಂಡು ಅದನ್ನೂ ಬರೆದುಕೊಂಡ.

ಮೂಲೆಯಿಂದ ಸುಧಾರಾಣಿ ಮಾತಾಡಿದಳು. ಕೊರಳು ಬಾತು ದನಿ ಸರಿಯಾಗಿ ಹೊರಡುತ್ತಿರಲಿಲ್ಲ. "ಬಿಡ್ರಿ ಅಕ್ಕಾರ. ನೀವು ಹೇಳಿದ್ದು ಖರೇನ ಇತ್ತು. ಸುಕ್ಕೆಲ್ಲಾ ಹೋಗಿದ್ವು."

ಅವಳು ನನ್ನನ್ನು ಸಮಾಧಾನ ಮಾಡುತ್ತಿದ್ದಳು. ಅದು ಚುಚ್ಚಿದಷ್ಟು ನನಗೆ ಯಾರ ಬೈಗುಳವೂ ಚುಚ್ಚಿಲ್ಲ.